ಟ್ರಂಕಿನಲ್ಲಿದ್ದ ಷೇರು ಪತ್ರ

ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ ಎಂದು ನಾವ್ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ನಮ್ಮ ಬಾಯಲ್ಲಿ ಅದು ಪಿಎಸ್‌ಎಸ್‌ಕೆ. ಅಪ್ಪನ ಷೇರು ಪತ್ರ ಪಹಣಿಯ ಜೊತೆ ಟ್ರಂಕಿನಲ್ಲಿತ್ತು. ಅವರು ತೀರಿದ ಮೇಲೆ ಪಹಣಿ ನನ್ನ ಹೆಸರಿಗೆ ಬಂತು. ಷೇರನ್ನು ಮಾತ್ರ ನಾನು ನನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ.

ಕಾರ್ಖಾನೆ ನಿಂತಿತು. ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಬ್ಬು ಲಾರಿ ಹತ್ತಿ ಕೆ.ಆರ್.ಪೇಟೆ ಕಡೆಗೆ ಹೊರಟಿತು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕು. ತಡವಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಒಂದು ವರ್ಷವಂತೂ ಕಟಾವಿಗೆ ಆಳು ಸಿಗದೆ ಗದ್ದೆಯಲ್ಲೇ ಸೂಲಂಗಿ ಬಂತು. ಆಲೆಮನೆಯವರು ಹೇಳಿದ ದರಕ್ಕೆ ಕೊಟ್ಟೆ. ಇದೆಲ್ಲ ಯಾಕಾಯಿತು ಎಂದು ಮಹಾಸಭೆಯಲ್ಲಿ ಎದ್ದು ಕೇಳೋಣವೆಂದರೆ ನಾನು ಸದಸ್ಯನೇ ಅಲ್ಲ! ಅವತ್ತು ಬದುವಿನ ಮೇಲೆ ಕುಸಿದು ಕೂತೆ.

ನಮ್ಮಕ್ಕನನ್ನು ಕೊಟ್ಟಿರುವುದು ನಾಗಮಂಗಲದ ಕಡೆಗೆ. ಅವರ ಊರಿಗೆ ನಾಲೆ ನೀರಿಲ್ಲ. ರಾಗಿ, ತೆಂಗು, ಎರಡು ಹಸು. ಡೈರಿಗೆ ಹಾಲು ಹಾಕಿದರೆ ಫ್ಯಾಟು, ಡಿಗ್ರಿ ನೋಡದೆ ಅವಳು ಮನೆಗೆ ಬರುವವಳಲ್ಲ. ಕಮ್ಮಿ ಬಂದರೆ ಕಾರ್ಯದರ್ಶಿಯನ್ನು ಅಲ್ಲೇ ಕೇಳುತ್ತಾಳೆ. ನನ್ನ ಗೋಳು ಕೇಳಿ, "ನಿಮ್ ಕಾರ್ಖಾನೆ ಲೆಕ್ಕ ನೀವ್ ನೋಡ್ದೆ ಇನ್ಯಾರ್ ನೋಡ್ತಾರ್ಲಾ?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸೀಮೆಗೆ ಸಕ್ಕರೆ ಕಾರ್ಖಾನೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರ ಬೆಲ್ಲ ಕೊಂಡು ಸಕ್ಕರೆ ಮಾಡುತ್ತಿತ್ತು. 1851ರ ಲಂಡನ್ ಪ್ರದರ್ಶನದಲ್ಲಿ ಪದಕವೂ ಸಿಕ್ಕಿತು. ಅಲ್ಲಿ ರೈತ ಬೆಲ್ಲ ಮಾರುವವನಷ್ಟೆ. ನಮ್ಮ ಅಪ್ಪಂದಿರು ಷೇರು ಕಟ್ಟಿ ಆ ಸ್ಥಿತಿಯಿಂದ ಮೇಲೆ ಬಂದಿದ್ದರು. ಅವರು ಗಳಿಸಿದ್ದನ್ನು ನಾವು ಕೈಬಿಟ್ಟದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2020ರಲ್ಲಿ ಸರ್ಕಾರ ಪಿಎಸ್‌ಎಸ್‌ಕೆಯನ್ನು 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಕೊಟ್ಟಿತು; ಅದೇ ವರ್ಷ ಕಬ್ಬು ಅರೆಯುವುದು ಮತ್ತೆ ಶುರುವಾಯಿತು. ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆಯ ದಾರಿ ಬೇರೆ: ನಿಂತಿದ್ದ ಅದನ್ನು 2022ರಲ್ಲಿ ಸರ್ಕಾರವೇ ನಡೆಸಲು ಹೊರಟಿತು. ಯಾವ ದಾರಿ ಸರಿಯೆಂದು ಚಹಾದಂಗಡಿಯಲ್ಲಿ ಜಗಳವೇ ಆಗುತ್ತದೆ. ನನ್ನ ಮಟ್ಟಿಗೆ, ತುಕ್ಕು ಹಿಡಿಯುವುದಕ್ಕಿಂತ ಗಾಣ ತಿರುಗುವುದೇ ಮೇಲು. ಪಿಎಸ್‌ಎಸ್‌ಕೆ ಚಿಮಣಿಯಲ್ಲಿ ಹೊಗೆ ಕಂಡ ದಿನ ನನಗೂ ಕಣ್ಣು ತುಂಬಿತು. ಆದರೆ ಗುತ್ತಿಗೆ ಮುಗಿಯುವುದು 2060ಕ್ಕೆ. ಅವತ್ತು ಕಾರ್ಖಾನೆಯನ್ನು ಕೈಗೆ ತೆಗೆದುಕೊಳ್ಳಲು ಸದಸ್ಯರ ಪಟ್ಟಿಯಲ್ಲಿ ಬದುಕಿರುವವರು ಇರಬೇಕಲ್ಲ? ಕರಾರಿನಲ್ಲಿ ಏನಿದೆಯೆಂದು ವರ್ಷ ವರ್ಷವೂ ಕೇಳುವವರು ಬೇಕಲ್ಲ?

ನಮ್ಮ ಬೀದಿಯ ಮನೆಗಳಲ್ಲಿ ಹುಡುಕಿಸಿದಾಗ ಹನ್ನೊಂದು ಷೇರು ಪತ್ರ ಸಿಕ್ಕವು. ಏಳು ತೀರಿಕೊಂಡವರ ಹೆಸರಿನಲ್ಲಿವೆ. ಭಾನುವಾರ ನಮ್ಮ ಜಗಲಿಯಲ್ಲಿ ಕೂತು ವಾರಸುದಾರರ ಅರ್ಜಿ ಬರೆಯುತ್ತಿದ್ದೇವೆ; ಮೊದಲು ಬರೆದದ್ದು ಅಪ್ಪನದು.