ಮೋಟಾರುಗಾಡಿಯ ಗೇರುಪೆಟ್ಟಿಗೆಯ ಎಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಟ ರೈತನನ್ನು ನಾನು ಇದುವರೆಗೆ ಕಂಡವನಲ್ಲ. ಆದರೆ ಲಕ್ಷಗಟ್ಟಲೆ ಹಣ ಕೊಟ್ಟು ಕೊಂಡ ಕಾರು ಅಥವಾ ಜೀಪಿನ ಗೇರುಪೆಟ್ಟಿಗೆಯಲ್ಲಿ ಎಣ್ಣೆಯೆಂಬುದೊಂದು ಉಂಟೆಂಬುದನ್ನೇ ಮರೆತ ಹಿಡುವಳಿದಾರರನ್ನು ಅನೇಕ ಗ್ರಾಮಗಳಲ್ಲಿ ಕಂಡಿದ್ದೇನೆ. ಇಂಜಿನ್ನಿನ ಎಣ್ಣೆಯನ್ನು ಅಳೆದು ನೋಡಲು ಕಡ್ಡಿಯುಂಟು. ಅದರ ಒತ್ತಡ ಕುಂದಿದರೆ ಕೆಂಪು ದೀಪವು ಹತ್ತುವುದು. ಗೇರುಪೆಟ್ಟಿಗೆಗೆ ಸಾಮಾನ್ಯವಾಗಿ ಇವೆರಡೂ ಇಲ್ಲ. ಅದು ಮೂಕಪಶುವಿನಂತೆ ಸಹಿಸಿಕೊಂಡಿದ್ದು, ಒಂದು ದಿನ ಗೇರು ಬೀಳದೆ ಕರಕರನೆ ಸದ್ದು ಮಾಡಿದಾಗ ಮಾತ್ರ ಯಜಮಾನರ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ರಿಪೇರಿಯ ವೆಚ್ಚವು ಎಣ್ಣೆಯ ಬೆಲೆಯ ಹತ್ತಾರು ಪಾಲಾಗಿರುವುದು.

ಈ ಎಣ್ಣೆಯು ಇಂಜಿನ್ನಿನ ಎಣ್ಣೆಯಂತೆ ಮಸಿಯಿಂದ ಕಪ್ಪಾಗುವುದಿಲ್ಲ; ಆದಕಾರಣ ಹೆಚ್ಚು ಕಾಲ ಬಾಳುತ್ತದೆ. ಆದರೂ ಹಲ್ಲುಚಕ್ರಗಳ ನಡುವೆ ಸಿಕ್ಕಿ ಅರೆಯಲ್ಪಟ್ಟು ಕ್ರಮೇಣ ತೆಳುವಾಗುತ್ತದೆ. ಲೋಹದ ಸಣ್ಣ ಪುಡಿಯೂ ಗಾಳಿಯ ತೇವವೂ ಅದರಲ್ಲಿ ಸೇರುತ್ತವೆ. ಓಡುತ್ತಿರುವಾಗಲೇ ಗೇರುಗಳು ಸದ್ದಿಲ್ಲದೆ ಕೂಡಿಕೊಳ್ಳುವ ಏರ್ಪಾಡನ್ನು ೧೯೨೮ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಮೊದಲು ತಂದರು. ಅದರಲ್ಲಿ ವೇಗವನ್ನು ಸರಿದೂಗಿಸುವ ಸಣ್ಣ ಉಂಗುರಗಳಿದ್ದು, ಅವು ಸಾಮಾನ್ಯವಾಗಿ ಹಿತ್ತಾಳೆಯಂಥ ಹಳದಿ ಲೋಹದವು. ಎಣ್ಣೆ ಕೆಟ್ಟರೆ ಮೊದಲು ಸವೆಯುವುದು ಇವೇ. ಬೆಳಗಿನ ತಂಪಿನಲ್ಲಿ ಎರಡನೆಯ ಗೇರು ಮೊಂಡುಹಿಡಿಯುವುದನ್ನು ಕಂಡರೆ ಎಣ್ಣೆಯ ಸಂಗತಿಯನ್ನು ವಿಚಾರಿಸಬೇಕು.

ಯಾವ ಎಣ್ಣೆ ಎಂಬುದಕ್ಕೆ ಗಾಡಿಯ ಸಂಗಡ ಬಂದ ಪುಸ್ತಕವೇ ಪ್ರಮಾಣ. ಅಂಗಡಿಯವರ ಮಾತಾಗಲಿ, ಈ ಲೇಖಕನ ಮಾತಾಗಲಿ ಪ್ರಮಾಣವಲ್ಲ. ಡಬ್ಬಿಯ ಮೇಲೆ ಜಿ.ಎಲ್.-೪, ಜಿ.ಎಲ್.-೫ ಎಂದು ಎರಡು ದರ್ಜೆಗಳು ಕಾಣುತ್ತವೆ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲೆಂದು ತಿಳಿಯುವುದು ಶುದ್ಧ ತಪ್ಪು. ಐದನೆಯದು ಮುಖ್ಯವಾಗಿ ಹಿಂದಿನ ಅಚ್ಚಿನ ಡಿಫರೆನ್ಷಿಯಲ್ಲಿಗೆ ತಕ್ಕದ್ದು. ಅದರಲ್ಲಿ ಗಂಧಕ ಮತ್ತು ರಂಜಕದ ದ್ರವ್ಯಗಳು ಹೆಚ್ಚು. ನಾಲ್ಕನೆಯದನ್ನು ಕೇಳುವ ಗೇರುಪೆಟ್ಟಿಗೆಗೆ ಇದನ್ನು ಹೊಯ್ದರೆ ಉಂಗುರಗಳು ಜಾರಿ ಗೇರು ಕೂಡದಿರಬಹುದು. ಕೆಲವು ಬಗೆಯ ಎಣ್ಣೆಗಳು ಹಳದಿ ಲೋಹವನ್ನು ತಿನ್ನುವುದೂ ಉಂಟು. ಮಂದತೆಯ ಅಂಕಿಯನ್ನೂ, ಉದಾಹರಣೆಗೆ ೭೫ ಡಬ್ಲ್ಯು-೯೦ ಎಂಬುದನ್ನು, ಪುಸ್ತಕದಲ್ಲಿದ್ದಂತೆಯೇ ಕೊಳ್ಳತಕ್ಕದ್ದು. ಸಣ್ಣ ಕಾರಿಗೆ ಸುಮಾರು ಎರಡು ಲೀಟರು ಹಿಡಿಯುತ್ತದೆ. ತಾನಾಗಿ ಗೇರು ಬದಲಾಯಿಸಿಕೊಳ್ಳುವ ಕಾರುಗಳಿಗೆ ಈ ಲೇಖನದ ಕ್ರಮವು ಅನ್ವಯಿಸುವುದಿಲ್ಲ.

ಕೆಲಸಕ್ಕೆ ತೊಡಗುವ ಮೊದಲು ಗಾಡಿಯನ್ನು ಎರಡು ಮೂರು ಮೈಲಿ ಓಡಿಸಿ ಬರಬೇಕು. ಬೆಚ್ಚಗಾದ ಎಣ್ಣೆಯು ಕಸವನ್ನೂ ಕೂಡಿಕೊಂಡು ಸರಾಗವಾಗಿ ಇಳಿಯುವುದು. ಆಮೇಲೆ ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಜೀಪಿನಂಥ ಎತ್ತರದ ಗಾಡಿಯಾದರೆ ಹಾಗೆಯೇ ಕೆಳಗೆ ನುಸುಳಬಹುದು. ಕಾರನ್ನು ಎತ್ತಲೇಬೇಕಾದರೆ, ಜಾಕಿಯೊಂದನ್ನೇ ನಂಬಿ ಅದರಡಿ ತಲೆಯಿಡುವುದು ಪ್ರಾಣಕ್ಕೆ ಎರವಾಗುವ ಕೆಲಸ. ಜಾಕಿಯು ಎತ್ತುವುದಕ್ಕೆ ಮಾತ್ರ. ಹೊರುವುದಕ್ಕೆ ಕಬ್ಬಿಣದ ಸ್ಟ್ಯಾಂಡುಗಳು ಬೇಕು. ಇಟ್ಟಿಗೆಯನ್ನು ಪೇರಿಸುವುದು ಕೂಡದು, ಇಟ್ಟಿಗೆಯು ಸೂಚನೆ ಕೊಡದೆ ಸೀಳುತ್ತದೆ. ಒಬ್ಬರೇ ಇರುವಾಗ ಈ ಕೆಲಸವನ್ನು ಮಾಡಲಾಗದು, ಮನೆಯವರೊಬ್ಬರು ಹತ್ತಿರದಲ್ಲಿರಲಿ.

ಪೆಟ್ಟಿಗೆಗೆ ಎರಡು ಬಿರಡೆಗಳಿರುತ್ತವೆ. ತಳದಲ್ಲಿರುವುದು ಎಣ್ಣೆ ಇಳಿಸುವುದು; ಪಕ್ಕದಲ್ಲಿ ಸ್ವಲ್ಪ ಮೇಲಿರುವುದು ತುಂಬುವುದು. ಮೇಲಿನದನ್ನು ಮೊದಲು ಸಡಿಲಿಸತಕ್ಕದ್ದು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹಿಂದೆ ಮಲೆನಾಡಿನ ಒಂದು ಹಳ್ಳಿಯಲ್ಲಿ ತಂಗಿದ್ದಾಗ ಗ್ರಾಮದ ಹಿರಿಯರೊಬ್ಬರ ಹಳೆಯ ಜೀಪಿಗೆ ಎಣ್ಣೆ ಬದಲಾಯಿಸಿ ಕೊಡುವೆನೆಂದು ನಾನೇ ಮುಂದೆ ಬಿದ್ದೆನು. ತಳದ ಬಿರಡೆಯನ್ನು ಬಿಚ್ಚಿ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ನೋಡಿದರೆ, ಮೇಲಿನದು ತುಕ್ಕಿನಿಂದ ಕಚ್ಚಿಕೊಂಡಿತ್ತು. ಹಿಕ್ಕಟ್ಟಿನಲ್ಲಿ ಇಕ್ಕಳ ಹಾಕಿದೆನು. ಅದರ ಮೂಲೆಗಳು ಸವೆದು ಉರುಟಾದವು. ಹೊತ್ತು ಮುಳುಗಿತು, ಮಳೆ ಹಿಡಿಯಿತು. ಆ ರಾತ್ರಿಯೇ ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂದಿತು. ಊರಿಗೆ ಇದ್ದುದು ಅದೊಂದೇ ಗಾಡಿ, ಆಸ್ಪತ್ರೆಯು ಹನ್ನೊಂದು ಮೈಲಿ ದೂರ. ಆ ಹಳೆಯ ಜೀಪಿನಲ್ಲಿ ಗೇರಿನ ದಂಡವು ಪೆಟ್ಟಿಗೆಯ ನೆತ್ತಿಯಿಂದಲೇ ಏಳುತ್ತಿದ್ದುದು ನಮ್ಮ ಪುಣ್ಯ. ದಂಡವನ್ನು ಕಳಚಿ, ಇಳಿಸಿದ ಹಳೆಯ ಎಣ್ಣೆಯಷ್ಟನ್ನೇ ಹೊಸದರಲ್ಲಿ ಅಳೆದು, ಆ ಕಂಡಿಯ ಮೂಲಕ ಲಾಟೀನಿನ ಬೆಳಕಿನಲ್ಲಿ ಹೊಯ್ದೆವು. ತಾಯಿ ಮಗು ಇಬ್ಬರೂ ಉಳಿದರು. ಹಿರಿಯರು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಇಂಥ ಕಂಡಿಯೂ ಇಲ್ಲ.

ಆದಕಾರಣ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿರಡೆಗೆ ಹಚ್ಚಿ, ಸರಿಯಾದ ಅಳತೆಯ ಸ್ಪ್ಯಾನರನ್ನೇ ಉಪಯೋಗಿಸಬೇಕು. ಮೇಲಿನದು ಜಗ್ಗದಿದ್ದರೆ ತಳದ್ದನ್ನು ಮುಟ್ಟದೆ ಗಾಡಿಯನ್ನು ವರ್ಕ್‌ಷಾಪಿಗೆ ಒಯ್ಯಿರಿ. ಅದು ಬಿಚ್ಚಿಕೊಂಡರೆ ತಳದ್ದನ್ನು ಬಿಚ್ಚಿ, ಎಣ್ಣೆಯನ್ನು ಅಗಲವಾದ ಬೋಗುಣಿಗೆ ಇಳಿಸಿ, ಹನಿ ನಿಲ್ಲುವ ತನಕ ಕಾದು, ಅಳೆದಿಡಿರಿ. ಕೆಲವು ಗಾಡಿಗಳ ತಳದ ಬಿರಡೆಯಲ್ಲಿ ಅಯಸ್ಕಾಂತವಿರುತ್ತದೆ. ಅದಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಸಹಜವಾದ ಸವೆತವೆಂದು ಒರೆಸಿಬಿಡಬಹುದು. ಹಲ್ಲಿನ ಚೂರು, ಲೋಹದ ಸಿಬಿರು ಸಿಕ್ಕಿದರೆ ಹೊಸ ಎಣ್ಣೆಯಿಂದ ಅದು ವಾಸಿಯಾಗದು. ಎಣ್ಣೆಯು ಹಾಲುಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದರ್ಥ. ತುಂಬಿದ ಹಳ್ಳವನ್ನು ದಾಟಿಸಿದ ಗಾಡಿಗಳಲ್ಲಿ, ಬಿಸಿಯಾದ ಪೆಟ್ಟಿಗೆಯು ತಣ್ಣೀರಿನಲ್ಲಿ ತಟ್ಟನೆ ತಣಿದು, ಉಸಿರುಗಂಡಿಯಿಂದ ನೀರನ್ನು ಒಳಗೆಳೆದುಕೊಳ್ಳುವುದುಂಟು.

ತಳದ ಬಿರಡೆಗೆ ಹೊಸ ವಾಷರು ಹಾಕಿ ಬಿಗಿಮಾಡಬೇಕು. ಪೆಟ್ಟಿಗೆಯು ಅನೇಕ ವೇಳೆ ಅಲ್ಯೂಮಿನಿಯಮ್ಮಿನದು. ಬಲಪ್ರದರ್ಶನ ಮಾಡಿದರೆ ಮರೆ ಕಿತ್ತುಹೋಗುವುದು. ತುಂಬುವ ರಂಧ್ರವು ಪಕ್ಕದಲ್ಲಿರುವುದರಿಂದ ಡಬ್ಬಿಯನ್ನು ಬಗ್ಗಿಸಲಾಗದು. ಲಾಳಿಕೆಗೆ ಉದ್ದನೆಯ ರಬ್ಬರು ಕೊಳವೆ ಸೇರಿಸಿ ಮೇಲಿನಿಂದ ನಿಧಾನವಾಗಿ ಹೊಯ್ಯಬೇಕು. (ದನಗಳಿಗೆ ಔಷಧಿ ಕುಡಿಸುವ ಗೊಟ್ಟವನ್ನು ಇದಕ್ಕೆ ಉಪಯೋಗಿಸಿದವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿರಿ.) ಎಣ್ಣೆಯು ರಂಧ್ರದ ಕೆಳತುಟಿಗೆ ಬಂದು ತೊಟ್ಟಿಕ್ಕತೊಡಗಿದರೆ ಸಾಕು. ಆದರೆ ಗಾಡಿಯು ಮಟ್ಟವಾಗಿದ್ದರೆ ಮಾತ್ರ ಈ ಗುರುತು ಸತ್ಯ. ಮುಂಭಾಗವನ್ನಷ್ಟೇ ಎತ್ತಿದ್ದರೆ ಸುಳ್ಳು. ಇಂಥ ರಂಧ್ರವೇ ಇಲ್ಲದ ಕಾರುಗಳಿಗೆ ಪುಸ್ತಕದ ಅಳತೆಯೇ ಗತಿ. ಬಿರಡೆ ಹಾಕಿ, ಒರೆಸಿ, ಸ್ವಲ್ಪ ದೂರ ಓಡಿಸಿ ಬಂದು, ಮರುದಿನವೂ ಸೋರಿಕೆ ನೋಡಬೇಕು. ತಾರೀಖನ್ನೂ ಓಡಿದ ಕಿಲೋಮೀಟರನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ.

ಟ್ರ್ಯಾಕ್ಟರಿನ ಸಂಗತಿ ಬೇರೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಡಿಫರೆನ್ಷಿಯಲ್, ನೇಗಿಲನ್ನೆತ್ತುವ ಹೈಡ್ರಾಲಿಕ್ ಇವು ಮೂರಕ್ಕೂ ಒಂದೇ ಎಣ್ಣೆ. ಹತ್ತಾರು ಲೀಟರು ಬೇಕಾಗುವುದು. ಕಾರಿನ ಎಣ್ಣೆ ಅದಕ್ಕೆ ಸಲ್ಲದು. ಗದ್ದೆಯ ಕೆಸರಿನಲ್ಲಿ ಉಳುವ ಟ್ರ್ಯಾಕ್ಟರಿನ ಎಣ್ಣೆಯನ್ನು ನಾಟಿಯ ಕೆಲಸ ಮುಗಿದೊಡನೆ ನೀರಿಗಾಗಿ ಪರೀಕ್ಷಿಸುವುದು ಒಳ್ಳೆಯದು.

ಇಳಿಸಿದ ಹಳೆಯ ಎಣ್ಣೆಯ ವಿಷಯದಲ್ಲಿ ನಮ್ಮವರ ಅಭ್ಯಾಸಗಳು ಸರಿಯಿಲ್ಲ. ಗೆದ್ದಲಿಗೆಂದು ಬೇಲಿಯ ಗೂಟಕ್ಕೆ ಬಳಿಯುವರು, ಕಳೆಗೆಂದು ಬದುವಿನ ಮೇಲೆ ಚೆಲ್ಲುವರು, ಹುಣ್ಣಿಗೆಂದು ಎತ್ತಿನ ಹೆಗಲಿಗೂ ಹಚ್ಚುವರು. ಎಣ್ಣೆ ಕುಡಿದ ಮಣ್ಣು ನೀರನ್ನೂ ಗಾಳಿಯನ್ನೂ ಒಳಗೆ ಬಿಡದು. ಮಳೆಗೆ ಅದು ಬಾವಿಗೆ ಇಳಿಯಬಹುದು. ೨೦೧೬ರ ಕೇಂದ್ರ ನಿಯಮಗಳ ಮೇರೆಗೆ ಬಳಸಿದ ಎಣ್ಣೆಯು ಅಪಾಯಕರ ತ್ಯಾಜ್ಯಗಳಲ್ಲಿ ಸೇರಿದೆ. ಮುಚ್ಚಳವಿರುವ ಡಬ್ಬಿಯಲ್ಲಿ, ಮಕ್ಕಳಿಗೂ ದನಗಳಿಗೂ ನಿಲುಕದಂತೆ ಇಟ್ಟು, ಮುಂದಿನ ಸಲ ಪಟ್ಟಣಕ್ಕೆ ಹೋದಾಗ ಹಳೆಯ ಎಣ್ಣೆಯನ್ನು ಶುದ್ಧಿಗೆ ಕಳುಹಿಸುವ ವರ್ಕ್‌ಷಾಪಿಗೆ ಒಪ್ಪಿಸಿರಿ. ಡಬ್ಬಿಯ ಮೇಲೆ ಹೆಸರು ಬರೆದಿರಲಿ. ಅಡಿಗೆಮನೆಯ ಎಣ್ಣೆಯ ಡಬ್ಬಿಯಾದರೆ ಎರಡು ಸಲ ಬರೆಯಿರಿ.