ಕಾರಣವನ್ನು ಬದಿಗಿಟ್ಟು ನೋಡುವುದು




ಒಂದು ಕಾರಣ ಇಲ್ಲವಾದರೆ ಅದರಿಂದ ಹುಟ್ಟಿದ್ದೂ ಇಲ್ಲವಾಗುತ್ತದೆ ಎಂಬುದನ್ನು ಪಟಿಚ್ಚಸಮುಪ್ಪಾದದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಕಣ್ಣೆದುರಿನ ತೊಂದರೆಗೆ ಕಾರಣ ಯಾವುದೆಂದು ಪರೀಕ್ಷಿಸುವುದು ಹೇಗೆ? ಇಂದು ಕಂಪ್ಯೂಟರಿನದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಪ್ಯೂಟರ್ ಬಳಸದ ಹಿರಿಯರೂ ದಯವಿಟ್ಟು ಓದಿ, ಕಷ್ಟವೇನಿಲ್ಲ.

ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶವಿದೆ. ರಿಚರ್ಡ್ ಸ್ಟಾಲ್ಮನ್ ಅವರ ಗ್ನು ಈಮ್ಯಾಕ್ಸ್ 1985ರಿಂದ ಬಳಕೆಯಲ್ಲಿದೆ, ದುಡ್ಡು ಕೊಡಬೇಕಿಲ್ಲ. ತೆರೆದಾಗಲೆಲ್ಲ ಅದು ಮೊದಲು ನಮ್ಮದೇ ಒಂದು ಫೈಲನ್ನು ಓದಿಕೊಳ್ಳುತ್ತದೆ. ಯಾವ ಫಾಂಟ್, ಯಾವ ಬಣ್ಣ, ಯಾವ ಕೀಲಿಗೆ ಯಾವ ಕೆಲಸ, ಎಲ್ಲ ಅದರಲ್ಲಿರುತ್ತದೆ. ಅವರಿವರಿಂದ ನಕಲು ಮಾಡಿದ ಸಾಲುಗಳೂ ಅಲ್ಲಿಗೇ ಸೇರುತ್ತವೆ. ನಾಲ್ಕು ವರ್ಷ ಕಳೆದರೆ ತಂತ್ರಾಂಶದ ಸ್ವಭಾವ ಯಾವುದು, ನಾವು ಹೇರಿದ್ದು ಯಾವುದು ಎಂದು ನಮಗೇ ತಿಳಿಯುವುದಿಲ್ಲ.

ವಾಡಿಯ ಒಬ್ಬ ವಿದ್ಯಾರ್ಥಿ ನಮ್ಮ ಹಿರಿಯರ ನೆನಪುಗಳನ್ನು ಕೇಳಿ ಕೇಳಿ ಇದರಲ್ಲಿ ಟೈಪ್ ಮಾಡುತ್ತಿದ್ದ. ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಒಂದು ದಿನದಿಂದ ಒತ್ತಕ್ಷರಗಳೆಲ್ಲ ಒಡೆದು ಕಾಣತೊಡಗಿದವು. ‘ಬುದ್ಧ’ ಎಂಬ ಪದದಲ್ಲೇ ದಕ್ಕೆ ಧ ಕೂಡಲೊಲ್ಲದು. "ಸರ್, ಅಂಗಡಿಯವರು ಇದಕ್ಕ ಕನ್ನಡ ಬರಂಗಿಲ್ಲ, ಫಾರ್ಮ್ಯಾಟ್ ಮಾಡಸ್ರಿ ಅಂತಾರ್ರಿ" ಎಂದು ಫೋನ್ ಮಾಡಿದ. "ತಡೀಪಾ ತಮ್ಮಾ" ಎಂದೆ. ಬರೆದಿದ್ದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಫಾರ್ಮ್ಯಾಟ್ ಮಾಡಿಸಿದ್ದರೆ ಆ ಮುದುಕರ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮಕ್ಕಳಿಗೆ "ಇದು ನಿನ್ನಿಂದ ಆಗೋದಲ್ಲ, ನಿನ್ನ ಭಾಷೆಗೂ ಆಗೋದಲ್ಲ" ಎನ್ನುವವರು ಬಹಳ. ಪರೀಕ್ಷಿಸಿ ನೋಡು ಎನ್ನುವವರು ಕಡಿಮೆ.

ಪರೀಕ್ಷೆ ಇಷ್ಟೇ. ಟರ್ಮಿನಲ್‌ನಲ್ಲಿ ಈಮ್ಯಾಕ್ಸ್ ಹೆಸರು ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ದೊಡ್ಡಕ್ಷರದ ಕ್ಯೂ. ಸಣ್ಣ ಕ್ಯೂ ಹಾಕಿದರೆ ನಮ್ಮ ಫೈಲನ್ನು ಮಾತ್ರವಲ್ಲದೆ ಎಲ್ಲರಿಗೂ ಇರುವ ಡಿಫಾಲ್ಟ್ ಫೈಲನ್ನೂ ಬಿಡುತ್ತದೆ. ದೊಡ್ಡ ಕ್ಯೂ ಆ ಕಂಪ್ಯೂಟರಿಗೆಂದು ಬೇರೆಯವರು ಮಾಡಿಟ್ಟ ಉಳಿದ ಹೊಂದಿಕೆಗಳನ್ನೂ ಬಿಟ್ಟು ತೆರೆಯುತ್ತದೆ. ಯಾವ ಫೈಲೂ ಅಳಿಯುವುದಿಲ್ಲ. ಮುಚ್ಚಿ ಮಾಮೂಲಿನಂತೆ ತೆರೆದರೆ ಎಲ್ಲವೂ ಮೊದಲಿದ್ದ ಹಾಗೆಯೇ.

ಹೀಗೆ ತೆರೆದ ಮೇಲೆ ಕಂಟ್ರೋಲ್ ಹಿಡಿದು ಎಚ್ ಒತ್ತಿ, ಕೈಬಿಟ್ಟು ಮತ್ತೆ ಎಚ್ ಒತ್ತಿ. ಲೋಕದ ಅನೇಕ ಭಾಷೆಗಳ ವಂದನೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. (ಇದನ್ನು ನೋಡಿದಾಗ ಕನ್ನಡ ಮೇಷ್ಟ್ರಿಗೆ ಆದ ಸಂತೋಷ ಹೇಳತೀರದು.) ಸಕಾರಕ್ಕೆ ಕಕಾರ ಒತ್ತಾಗಿ ಸರಿಯಾಗಿ ಕೂತಿದ್ದರೆ ತಂತ್ರಾಂಶವೂ ಫಾಂಟೂ ನೆಟ್ಟಗಿವೆ, ದೋಷ ನಾವು ಸೇರಿಸಿದ ಸಾಲುಗಳಲ್ಲಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು. ಅಲ್ಲಿಯೂ ಒಡೆದಿದ್ದರೆ ಕನ್ನಡ ಫಾಂಟ್ ಇದೆಯೇ, ಆವೃತ್ತಿ ತೀರ ಹಳೆಯದೇ ಎಂದು ನೋಡಬೇಕು.

ಹುಡುಗನಿಗೆ ‘ನಮಸ್ಕಾರ’ ಸರಿಯಾಗಿಯೇ ಕಂಡಿತು. ಮುಂದೆ ಅರ್ಧರ್ಧ ಮಾಡುತ್ತ ಹೋದೆವು. ಸಾಲಿನ ಮುಂದೆ ಅರ್ಧವಿರಾಮ ಚಿಹ್ನೆ ಇಟ್ಟರೆ ಈಮ್ಯಾಕ್ಸ್ ಅದನ್ನು ಓದುವುದಿಲ್ಲ. ಅರ್ಧ ಸಾಲುಗಳಿಗೆ ಹಾಗೆ ಮಾಡಿ ತೆರೆಯುವುದು, ಯಾವ ಅರ್ಧದಲ್ಲಿ ದೋಷವಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. 200 ಸಾಲಿದ್ದರೂ ಎಂಟು ಸುತ್ತು ಸಾಕು. ಆವರಣ ಚಿಹ್ನೆಗಳನ್ನು ಮಾತ್ರ ನಡುವೆ ಕತ್ತರಿಸಬಾರದು. ಕೊನೆಗೆ ಸಿಕ್ಕಿದ್ದು, ವೇಗ ಹೆಚ್ಚುತ್ತದೆಂದು ಎಲ್ಲಿಂದಲೋ ನಕಲು ಮಾಡಿದ ಒಂದು ಸಾಲು. ಅಕ್ಷರಗಳನ್ನು ಕೂಡಿಸುವ ವ್ಯವಸ್ಥೆಯನ್ನೇ ಅದು ನಿಲ್ಲಿಸಿತ್ತು. ಇಂಗ್ಲಿಷ್ ಬರೆಯುವವನಿಗೆ ಅದರಿಂದ ತೊಂದರೆ ಇಲ್ಲ, ನಮಗಿದೆ.

ಹಾಗೆಂದು ಯಾವಾಗಲೂ ದೊಡ್ಡ ಕ್ಯೂ ಹಾಕಿಯೇ ಬರೆಯುತ್ತೇನೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಫೈಲಿನಲ್ಲಿ ಒಳ್ಳೆಯ ಅಭ್ಯಾಸಗಳೂ ಇರುತ್ತವೆ.

ಬೇರೆ ತಂತ್ರಾಂಶಗಳಲ್ಲಿಯೂ ಈ ದಾರಿ ಉಂಟು. ಲಿಬ್ರೆ ಆಫೀಸಿನಲ್ಲಿ ಹೆಲ್ಪ್ ಮೆನುವಿನೊಳಗೆ ಸೇಫ್ ಮೋಡ್ ಇದೆ. ವಿಂಡೋಸ್‌ನ ವರ್ಡ್ ಆದರೆ ಕಂಟ್ರೋಲ್ ಹಿಡಿದುಕೊಂಡೇ ಐಕಾನ್ ಒತ್ತಿ, ಸೇಫ್ ಮೋಡ್ ಬೇಕೇ ಎಂದು ಅದೇ ಕೇಳುತ್ತದೆ. ಏನೇ ಮಾಡುವ ಮೊದಲು ಬರೆದಿದ್ದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.