ಹಳೆಯ ಟ್ರಕ್ಕಿಗೆ ಹೊಸ ಎಂಜಿನ್

ಮಕ್ಕಳೇ, ಚಳಿಗಾಲದ ಮುಂಜಾನೆ ಹಳೆಯ ಬೈಕನ್ನು ಸ್ಟಾರ್ಟ್ ಮಾಡುವವರ ಪಾಡು ನೋಡಿದ್ದೀರಾ? ಚೋಕ್ ಎಳೆಯಬೇಕು, ನಾಲ್ಕೈದು ಸಲ ಕಿಕ್ ಹೊಡೆಯಬೇಕು. ಈಗಿನ ಹೊಸ ಬೈಕಿನಲ್ಲಿ ಗುಂಡಿ ಒತ್ತಿದರೆ ಸಾಕು. ಹೆಚ್ಚಿನವುಗಳಲ್ಲಿ ಚೋಕೇ ಇರುವುದಿಲ್ಲ. ಏಕೆ ಗೊತ್ತೇ?

ಮೊದಲು ಒಂದು ಪ್ರಯೋಗ ಮಾಡೋಣ. ಲೋಟದ ತುಂಬ ನೀರು ತೆಗೆದುಕೊಳ್ಳಿ. ಎಳನೀರು ಕುಡಿಯುವ ಸ್ಟ್ರಾದ ತುಂಡೊಂದನ್ನು ಅದರಲ್ಲಿ ನೆಟ್ಟಗೆ ಹಿಡಿಯಿರಿ. ಅದರ ತುದಿ ನೀರಿಗಿಂತ ಒಂದು ಸೆಂಟಿಮೀಟರ್ ಮೇಲಿರಲಿ. ಇನ್ನೊಂದು ಸ್ಟ್ರಾದಿಂದ ಆ ತುದಿಯ ಮೇಲೆ ಅಡ್ಡಲಾಗಿ ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಸಿಡಿಯುತ್ತದೆ! ವೇಗವಾಗಿ ನುಗ್ಗುವ ಗಾಳಿಯಿಂದ ಸ್ಟ್ರಾದ ಬಾಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಲೋಟದ ನೀರಿನ ಮೇಲಿರುವ ವಾತಾವರಣದ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. (ನೀರಿನಲ್ಲಿ ಮಾತ್ರ ಮಾಡಿ. ಪೆಟ್ರೋಲ್ ಮುಟ್ಟಲೇಬೇಡಿ.)

ಕಾರ್ಬ್ಯುರೇಟರ್ ಮಾಡುವುದೂ ಇದನ್ನೇ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಕೊಳವೆಯಲ್ಲಿ ಹಾಯುವಾಗ ಪೆಟ್ರೋಲ್ ತುಂತುರಾಗಿ ಅದರೊಡನೆ ಬೆರೆಯುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಆದರೆ ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು, ಹೆಚ್ಚು ಸುರಿಯಬೇಕು. ಕಾರ್ಬ್ಯುರೇಟರಿಗೆ ಚಳಿ ಯಾವುದು, ಸೆಕೆ ಯಾವುದು ತಿಳಿಯದು. ಅದಕ್ಕೇ ನಾವು ಚೋಕ್ ಎಳೆದು ಗಾಳಿಯನ್ನು ತಡೆಯುತ್ತೇವೆ.

ಇಂಜೆಕ್ಷನ್ ಎಂಜಿನ್ನಿನ ರೀತಿಯೇ ಬೇರೆ. ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ಗಾಳಿ ಒಳಬಂದಿತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಸೆನ್ಸರ್‌ಗಳು ಒಂದು ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತವೆ. ಅದು ಲೆಕ್ಕ ಹಾಕಿ, ಇಂಜೆಕ್ಟರ್ ಎಂಬ ವಿದ್ಯುತ್ ಕವಾಟವನ್ನು ಕೆಲವೇ ಮಿಲಿಸೆಕೆಂಡು ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಚಿಮ್ಮಬೇಕು. ಹಾಗಾದರೆ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 25 ಸಲ! ಲೆಕ್ಕ ಮಾಡಿ ನೋಡಿ.

ಇನ್ನು ಟ್ರಕ್ಕಿನ ವಿಷಯ. ನಮ್ಮ ದೊಡ್ಡ ಲಾರಿಗಳು ಬಹುಪಾಲು ಡೀಸೆಲ್‌ನವು, ಅವುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಅಮೆರಿಕದ ರೈತರು, ಬಡಗಿಗಳು ಬಳಸುವ ‘ಪಿಕಪ್’ ಎಂಬ ಚಿಕ್ಕ ಟ್ರಕ್ಕುಗಳು ಮಾತ್ರ ಹೆಚ್ಚಾಗಿ ಪೆಟ್ರೋಲಿನವು. 1970ರ ದಶಕದ ಷೆವ್ರೊಲೆ ಪಿಕಪ್‌ಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಅವನ್ನು ಇಂದಿಗೂ ಜೋಪಾನ ಮಾಡಿಕೊಂಡವರಿದ್ದಾರೆ. ಅವರಲ್ಲಿ ಹಲವರು ಹಳೆಯ ಎಂಜಿನ್ ಇಳಿಸಿ, 1999ರಿಂದ ಅದೇ ಕಂಪನಿಯ ಟ್ರಕ್ಕುಗಳಲ್ಲಿ ಬಂದ 5.3 ಲೀಟರಿನ ಇಂಜೆಕ್ಷನ್ ಎಂಜಿನ್ ಕೂರಿಸುತ್ತಾರೆ.

ಬೋಲ್ಟ್ ಬಿಗಿದರೆ ಮುಗಿಯಿತೇ? ಇಲ್ಲ, ಕೆಲಸ ಶುರುವಾಗುವುದೇ ಆಗ. ಹಳೆಯ ಪಂಪು ಪೆಟ್ರೋಲನ್ನು ತಳ್ಳುವ ಒತ್ತಡ ವಾತಾವರಣದ ಒತ್ತಡದ ಅರ್ಧದಷ್ಟೂ ಇಲ್ಲ. ಹೊಸ ಎಂಜಿನ್ನಿಗೆ ಅದರ ನಾಲ್ಕು ಪಟ್ಟು ಬೇಕು. ಹಳೆಯ ರಬ್ಬರ್ ಪೈಪನ್ನೇ ಉಳಿಸಿದರೆ ಅದು ಬಿರಿದು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹೊತ್ತಬಹುದು. ಆದ್ದರಿಂದ ಪಂಪು, ಪೈಪು, ಫಿಲ್ಟರ್ ಎಲ್ಲವನ್ನೂ ಬದಲಿಸಬೇಕು. ಹೊಗೆಕೊಳವೆಯಲ್ಲಿ ಆಮ್ಲಜನಕದ ಸೆನ್ಸರಿಗೆ ಜಾಗ ಮಾಡಬೇಕು. ತಂತಿಗಳ ದೊಡ್ಡ ಕಂತೆಯನ್ನೇ ಎಳೆಯಬೇಕು.

ಟ್ಯಾಂಕಿನದು ಇನ್ನೂ ತಮಾಷೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಂಬಿದ ಪುಟ್ಟ ಬಟ್ಟಲಿರುತ್ತದೆ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದರೂ ಬಟ್ಟಲಿನದು ಕ್ಷಣಕಾಲ ಸಾಕಾಗುತ್ತದೆ. ಇಂಜೆಕ್ಷನ್ನಿನಲ್ಲಿ ಬಟ್ಟಲಿಲ್ಲ. ಪಂಪು ಗಾಳಿ ಹೀರಿದರೆ ಎಂಜಿನ್ ಕೂಡಲೇ ಮುಗ್ಗರಿಸುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ಅಡ್ಡತಡೆಗಳನ್ನು ಇಡುತ್ತಾರೆ.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಹೊಗೆಯ ಕಟ್ಟುನಿಟ್ಟಾದ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಿಗೂ ಇಂಜೆಕ್ಟರ್ ಬಂತು. ಊರಿನ ಮೆಕ್ಯಾನಿಕ್ ಅಂಗಡಿಗೆ ದೊಡ್ಡವರೊಂದಿಗೆ ಹೋಗಿ, ಎರಡನ್ನೂ ತೋರಿಸಲು ಕೇಳಿ.

ಯೋಚಿಸಿ: ಬ್ಯಾಟರಿ ಪೂರ್ತಿ ಸತ್ತಿದ್ದರೂ ಹಳೆಯ ಬೈಕು ಹಲವು ಬಾರಿ ಕಿಕ್ ಹೊಡೆದರೆ ಹೊರಡುತ್ತದೆ. ಇಂಜೆಕ್ಷನ್ ಬೈಕು ಸಾಮಾನ್ಯವಾಗಿ ಹೊರಡುವುದಿಲ್ಲ. ಏಕಿರಬಹುದು?